ಕೆಂಚನಿಗೆ ಹಾಲು ಕುಡಿಸಿದ ಕೆಂಪು ತೊಟ್ಟು

ಹೆಬ್ಬೆರಳಿನಷ್ಟು ಉದ್ದದ ಕೆಂಪು ರಬ್ಬರ್ ತೊಟ್ಟು, ಅದರ ಬುಡಕ್ಕೆ ತಿರುಪಿರುವ ಹಳದಿ ಪ್ಲಾಸ್ಟಿಕ್ ಮುಚ್ಚಳ. ವಸ್ತು ಇಷ್ಟೇ. ತಂಪು ಪಾನೀಯದ ಖಾಲಿ ಬಾಟಲಿಯ ಬಾಯಿಗೆ ತಿರುಗಿಸಿ ಕೂರಿಸಿದರೆ ತಬ್ಬಲಿ ಕುರಿಮರಿಗೆ ಹಾಲು ಕುಡಿಸಬಹುದು. ಕೊಪ್ಪಳದ ಜವಾಹರ ರಸ್ತೆಯಲ್ಲಿ ದನಕರುಗಳ ಔಷಧ ಮಾರುವ ಅಂಗಡಿಯೊಂದರಲ್ಲಿ 90 ರೂಪಾಯಿ ಕೊಟ್ಟು ತಂದೆ. ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಒಂದು ದಿನವೂ ಬಿಡದೆ ಬಳಸಿದ್ದೇನೆ. ತಬ್ಬಲಿ ಮರಿಯನ್ನು ಮನೆಗೆ ತಂದಿಟ್ಟುಕೊಂಡು, ಅದು ರಾತ್ರಿಯಿಡೀ ಅರಚುವುದನ್ನು ಕೇಳುತ್ತಾ ದಿಕ್ಕು ತೋಚದೆ ಕುಳಿತವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆ ಎರಡು ರಾತ್ರಿ ಕುಳಿತಿದ್ದವಳು.

ನಾನು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಮಾಡುತ್ತೇನೆ. ದೀಪಾವಳಿ ಕಳೆದ ಮೇಲೆ ಯಲಬುರ್ಗಾ ಕಡೆಯ ತವರಿಗೆ ಹೋಗಿದ್ದೆ. ಸಜ್ಜೆ ಕೊಯ್ದು ಖಾಲಿ ಬಿದ್ದ ಹೊಲದಲ್ಲಿ ಅಣ್ಣ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದ. ರಾತ್ರಿ ಅವಳಿ ಮರಿ ಹಾಕಿದ ಕುರಿಯೊಂದು ಬೆಳಗಾಗುವಷ್ಟರಲ್ಲಿ ಸತ್ತುಹೋಗಿತ್ತು. ಒಂದು ಮರಿಯನ್ನು ಬೇರೆ ಕುರಿ ಮೊಲೆಗೆ ಸೇರಿಸಿಕೊಂಡಿತು. ಇನ್ನೊಂದನ್ನು ಹತ್ತಿರ ಬಂದಾಗಲೆಲ್ಲ ಗುಮ್ಮಿ ಓಡಿಸಿತು. ಮಂದೆ ಮರುದಿನ ನಸುಕಿನಲ್ಲಿ ಮುಂದಿನ ಊರಿಗೆ ಹೊರಡಬೇಕಿತ್ತು. ಕುರಿಗಾಹಿ ಹಿರಿಯರು ಆ ಮರಿಯನ್ನು ಕಂಬಳಿಯ ಮಡಿಕೆಯಿಂದ ತೆಗೆದು ನನ್ನ ಉಡಿಗೆ ಹಾಕಿದರು. "ಗಿಣ್ಣದ ಹಾಲು ಇದರ ಹೊಟ್ಟೆಗೆ ಬಿದ್ದಿದೆ, ತಂಗಿ. ತಾಯಿ ಸಾಯುವ ಮುಂಚೆಯೇ ಹಿಂಡಿ ಕುಡಿಸಿದ್ದೇನೆ. ಇನ್ನು ಉಳಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ" ಎಂದರು. ಆ ಮಾತಿನ ಬೆಲೆ ನನಗೆ ತಿಳಿದದ್ದು ಆಮೇಲೆ. ಹುಟ್ಟಿದ ಕೆಲವು ಗಂಟೆಗಳೊಳಗೆ ಗಿಣ್ಣದ ಹಾಲು ಸಿಗದ ಮರಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ. ಎಷ್ಟು ಒಳ್ಳೆಯ ತೊಟ್ಟು ತಂದರೂ ಆ ಕೊರತೆ ತುಂಬುವುದಿಲ್ಲ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 1 ಕಿಲೋ 900 ಗ್ರಾಂ ಇತ್ತು. ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿ ತಳಿ. ಮೈ ತುಂಬ ಒಣಗಿದ ತೆಂಗಿನಕಾಯಿಯ ಬಣ್ಣ. ಕೆಂಚ ಎಂದು ಹೆಸರಿಟ್ಟೆವು.

ಮೊದಲ ದಿನ ಹತ್ತಿಯ ಬತ್ತಿ ಮಾಡಿ, ಹಾಲಿನಲ್ಲಿ ಅದ್ದಿ ಚೀಪಿಸಿದೆ. ಹೊಟ್ಟೆಗೆ ಹೋದದ್ದಕ್ಕಿಂತ ನನ್ನ ಸೀರೆಗೆ ಚೆಲ್ಲಿದ್ದೇ ಹೆಚ್ಚು. ಚಮಚದಲ್ಲಿ ಹಾಕಿದರೆ ನಾಲಿಗೆಯಿಂದ ಹೊರಗೆ ತಳ್ಳುತ್ತಿತ್ತು. ಎತ್ತಿಗೆ ಔಷಧ ಕುಡಿಸುವಂತೆ ಬಿದಿರಿನ ಗೊಟ್ಟದಲ್ಲಿ ಹುಯ್ಯಲು ಅಣ್ಣ ಹೇಳಿದ್ದ. ಅದನ್ನೂ ಮಾಡಿದೆ. ಮರಿ ಕೆಮ್ಮಿತು, ಮೂಗಿನಲ್ಲಿ ಹಾಲಿನ ಗುಳ್ಳೆ ಬಂತು, ಎದೆಯಲ್ಲಿ ಗೊರಗೊರ ಸದ್ದು. ಎರಡನೆಯ ರಾತ್ರಿ ನಾನು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಉಸಿರು ಎಣಿಸುತ್ತಾ ಕುಳಿತೆ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ.

ಗೊಟ್ಟ ಏಕೆ ಕೆಟ್ಟದ್ದು, ತೊಟ್ಟು ಏಕೆ ಒಳ್ಳೆಯದು ಎಂಬುದನ್ನು ಪಶುವೈದ್ಯರು ನನಗೆ ಬಿಡಿಸಿ ಹೇಳಿದರು. ಕುರಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೇವು ಮೊದಲು ಹೋಗುವುದು ದೊಡ್ಡ ಕೋಣೆಗೆ, ಅಲ್ಲಿ ಅದು ನೆನೆದು ಹುದುಗುತ್ತದೆ. ಹಾಲು ಆ ಕೋಣೆಗೆ ಹೋಗಕೂಡದು. ಹೋದರೆ ಹುಳಿತು ಕೆಡುತ್ತದೆ. ಅದು ನೇರವಾಗಿ ನಾಲ್ಕನೆಯ ಕೋಣೆಗೆ ಸೇರಬೇಕು. ಮರಿ ಚೀಪುವಾಗ ಗಂಟಲಿನ ಕೆಳಗಿನ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು ಹಾಲಿಗೆ ಬೇರೆ ದಾರಿ ಮಾಡಿಕೊಡುತ್ತದೆ. ಬಾಯಿಗೆ ಸುರಿದಾಗ ಆ ದಾರಿ ಸರಿಯಾಗಿ ಕೂಡುತ್ತದೆ ಎಂಬ ಭರವಸೆಯಿಲ್ಲ. ಜೊತೆಗೆ ಹಾಲು ಶ್ವಾಸಕೋಶಕ್ಕೆ ನುಗ್ಗುವ ಅಪಾಯ. 90 ರೂಪಾಯಿಯ ಈ ರಬ್ಬರ್ ಮಾಡುವ ದೊಡ್ಡ ಉಪಕಾರವೆಂದರೆ ಮರಿಗೆ ಚೀಪಲು ಬಿಡುವುದು.

ಇನ್ನು ವಸ್ತುವಿನ ಗುಣದೋಷ. ತೊಟ್ಟಿನ ತುದಿಯಲ್ಲಿ ರಂಧ್ರ ಇರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಎಷ್ಟು ದೊಡ್ಡದು, ಹೇಗೆ ಎಂದು ಪೊಟ್ಟಣದ ಮೇಲೆ ಒಂದು ಅಕ್ಷರವೂ ಇಲ್ಲ. ಇದು ತಯಾರಿಸಿದವರ ಬಹಳ ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ. ನನ್ನ ಕೈಯಲ್ಲಿ ಯಾವಾಗಲೂ ಕತ್ತರಿ ಇರುತ್ತದೆ, ಆ ರೂಢಿಯಲ್ಲಿ ತುದಿಯನ್ನು ಕಚಕ್ಕನೆ ಕತ್ತರಿಸಿಬಿಟ್ಟೆ. ಬಾಟಲಿ ಬೋರಲು ಹಾಕಿದರೆ ಹಾಲು ಧಾರೆಯಾಗಿ ಇಳಿಯಿತು. ಹಸಿದಿದ್ದ ಕೆಂಚ ಗಟಗಟ ನುಂಗಲು ಹೋಗಿ ಉಸಿರು ಕಟ್ಟಿ ಕಾಲು ಬಡಿದುಕೊಂಡ. ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಆ ತೊಟ್ಟನ್ನು ಎಸೆದು ಅದೇ ಮಧ್ಯಾಹ್ನ ಇನ್ನೊಂದು ತಂದೆ. ಅದಕ್ಕೆ ಸೂಜಿಯನ್ನು ಬೆಂಕಿಯಲ್ಲಿ ಕಾಯಿಸಿ ಒಂದೇ ತೂತು ಮಾಡಿದೆ. ಬೋರಲು ಹಿಡಿದರೆ ಹನಿಹನಿಯಾಗಿ ಬೀಳಬೇಕು, ಧಾರೆಯಾಗಬಾರದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಮುಚ್ಚಳ ಎಲ್ಲ ಬಾಟಲಿಗೂ ಕೂರುವುದಿಲ್ಲ. ಗಿಡ್ಡ ಮುಚ್ಚಳದ ತೆಳು ನೀರಿನ ಬಾಟಲಿಗೆ ಹಾಕಿದರೆ ತಿರುಪು ಹಿಡಿದಂತೆ ಕಾಣುತ್ತದೆ, ಆದರೆ ಮರಿ ಒಂದು ಸಲ ಜಗ್ಗಿದರೆ ಕಳಚಿ ಹಾಲೆಲ್ಲ ನೆಲದ ಪಾಲು. ತೆಳು ಬಾಟಲಿಗೆ ಇನ್ನೊಂದು ತೊಂದರೆ: ಮರಿ ಚೀಪಿದಂತೆ ಗಾಳಿ ಒಳಗೆ ಬಾರದೆ ಬಾಟಲಿ ಸೊಟ್ಟಗಾಗಿ ಹಾಲು ನಿಂತುಬಿಡುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಅರ್ಧ ಲೀಟರ್ ತಂಪು ಪಾನೀಯದ ಬಾಟಲಿಯೇ ಸರಿ. ನಡುನಡುವೆ ತೊಟ್ಟನ್ನು ಬಾಯಿಂದ ಬಿಡಿಸಿ ಗಾಳಿ ಹೋಗಲು ಬಿಡಬೇಕು. ಹಾಗೆ ಬಿಡಿಸಿದಾಗ ಕೆಂಚನಿಗೆ ಬರುತ್ತಿದ್ದ ಸಿಟ್ಟು ನೋಡಬೇಕಿತ್ತು! ಮುಂಗಾಲು ನೆಲಕ್ಕೆ ಅಪ್ಪಳಿಸಿ, ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದು, ಮತ್ತೆ ತೊಟ್ಟು ಸಿಕ್ಕ ಕೂಡಲೇ ಬಾಲವನ್ನು ಪಟಪಟ ಅಲ್ಲಾಡಿಸುತ್ತಿದ್ದ. ಮರಿಗಳು ತಾಯಿಯ ಕೆಚ್ಚಲಿಗೆ ಗುಮ್ಮುವುದು ಹಾಲು ಇಳಿಯಲೆಂದು. ಇವನಿಗೆ ಕೆಚ್ಚಲು ಇರಲಿಲ್ಲ, ನನ್ನ ಮೊಣಕಾಲಿತ್ತು.

ಮಗುವನ್ನು ಮಲಗಿಸಿದಂತೆ ಮರಿಯನ್ನು ಬೆನ್ನ ಮೇಲೆ ಮಲಗಿಸಿ ಕುಡಿಸಬಾರದು. ನಾಲ್ಕು ಕಾಲ ಮೇಲೆ ನಿಂತು, ಕತ್ತು ಸ್ವಲ್ಪ ಮೇಲೆತ್ತಿ ಕುಡಿಯಬೇಕು. ಹಾಲು ಉಗುರುಬೆಚ್ಚಗಿಂತ ತುಸು ಹೆಚ್ಚೇ ಬೆಚ್ಚಗಿರಲಿ. ಕುರಿಯ ಮೈ ತಾಪ ನಮಗಿಂತ ಹೆಚ್ಚು, 102ರಿಂದ 103 ಡಿಗ್ರಿ ಅದಕ್ಕೆ ಸಹಜ. ನಾನು ಮೊದಲ ವಾರ ಪಕ್ಕದ ಓಣಿಯಿಂದ ಮೇಕೆ ಹಾಲು ತಂದೆ, ಆಮೇಲೆ ಆಕಳ ಹಾಲು. ಮೊದಲು ಹೊತ್ತಿಗೆ 50 ಮಿಲಿಯಂತೆ ದಿನಕ್ಕೆ ಐದು ಸಲ, ಮೂರನೆಯ ವಾರಕ್ಕೆ 150 ಮಿಲಿಯಂತೆ ನಾಲ್ಕು ಸಲ. ಅತ್ತಿತೆಂದು ಹೆಚ್ಚು ಕುಡಿಸಿದ ದಿನ ಮಾತ್ರ ಬೇಧಿ ಕಂಡೆ. ತೊಟ್ಟಿನ ಬೆಲೆ ನೋಡಿ ಸಾಕಣೆ ಅಗ್ಗವೆಂದು ತಿಳಿಯಬೇಡಿ. ಮೂರೂವರೆ ತಿಂಗಳಿಗೆ ಹಾಲಿಗೇ ಸುಮಾರು 3,000 ರೂಪಾಯಿ ಹೋಗಿದೆ. ನಾನು ಅದನ್ನು ಸಂತೋಷದಿಂದ ಕೊಟ್ಟೆ.

ಸಂತೋಷ ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಬಾಟಲಿ ಹಾಲು ಕುಡಿದು ಬೆಳೆದ ಮರಿ ಮಂದೆಯ ಮರಿಯಂತೆ ಇರುವುದಿಲ್ಲ. ಅದಕ್ಕೆ ನಾವೇ ಮಂದೆ. ನಾನು ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ. ಹೊಲಿಗೆ ಯಂತ್ರದ ಕಾಲುಮಣೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ನಾನು ತುಳಿದಾಗಲೆಲ್ಲ ತಲೆಯೂ ಮೇಲೆ ಕೆಳಗೆ ಆಡುತ್ತಿತ್ತು, ಆದರೂ ಏಳುತ್ತಿರಲಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ತುಂಟತನ ಶುರುವಾಯಿತು. ದಾರದ ಉಂಡೆಯ ತುದಿ ಕಚ್ಚಿಕೊಂಡು ಅಂಗಳದ ತುದಿಯವರೆಗೂ ಓಡಿದ. ಟೇಪನ್ನು ಹದಿನೆಂಟು ಇಂಚಿನವರೆಗೆ ಅಗಿದುಹಾಕಿದ. ಗಿರಾಕಿಗಳ ಅಳತೆ ಬರೆದಿಟ್ಟ ಪುಸ್ತಕದಲ್ಲಿ ನಾಲ್ಕು ಹಾಳೆ ತಿಂದ. ಆ ಹಾಳೆಗಳಲ್ಲಿ ಒಂದು ಮದುವೆ ಮನೆಯ ಏಳು ರವಿಕೆಗಳ ಅಳತೆ ಇತ್ತು. ಮದುಮಗಳ ಅತ್ತಿಗೆ ಮತ್ತೆ ಅಳತೆ ಕೊಡಲು ಬಂದಾಗ ಅವರ ಮುಡಿಯ ಮಲ್ಲಿಗೆಯನ್ನೂ ಹಿಂದಿನಿಂದ ಎಳೆದು ತಿಂದ. ಅವರು ಬೈಯಲಿಲ್ಲ, ಕೆಳಗೆ ಕುಳಿತು ಅವನ ಕಿವಿ ಸವರಿ, ಉಳಿದ ಅರ್ಧ ಮೊಳವನ್ನೂ ಕೊಟ್ಟು ಹೋದರು.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟಾದೆ. ನೆಲದ ಮೇಲೆ ಬಿದ್ದ ಗುಂಡುಪಿನ್ನು, ಸೂಜಿ ಅವನ ಹೊಟ್ಟೆ ಸೇರಿದರೆ ಗತಿಯೇನು? ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ದಿನಕ್ಕೆ ಎರಡು ಸಲ ಕೋಣೆಯ ನೆಲದ ಮೇಲೆ ಎಳೆಯುತ್ತೇನೆ. ಮೊದಲ ದಿನವೇ ಹನ್ನೊಂದು ಪಿನ್ನು ಸಿಕ್ಕವು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಅಜ್ಜನ ಜಾತ್ರೆ. ದಾಸೋಹಕ್ಕೆ ಊರೂರುಗಳಿಂದ ಜೋಳದ ರೊಟ್ಟಿ ಹೋಗುವುದು ಈ ಕಡೆಯವರಿಗೆಲ್ಲ ಗೊತ್ತು. ನಮ್ಮ ಓಣಿಯ ಹೆಂಗಸರೂ ಸೇರಿ ರೊಟ್ಟಿ ಬಡಿದು, ಒಣಗಲೆಂದು ನಮ್ಮ ಪಡಸಾಲೆಯಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿದ್ದೆವು. ಆಗ ಕೆಂಚನಿಗೆ ಎರಡು ತಿಂಗಳು ದಾಟಿತ್ತು. ಬಾಗಿಲಿಗೆ ಅಡ್ಡ ಇಟ್ಟಿದ್ದ ಹಲಗೆಯನ್ನು ತಲೆಯಿಂದ ತಳ್ಳಿ ಒಳಗೆ ಬಂದು, ಕಟುಮ್ ಕಟುಮ್ ಎಂದು ತಿನ್ನುತ್ತಾ ನಿಂತಿದ್ದ. ಎಣಿಸಿದಾಗ ಒಂಬತ್ತು ರೊಟ್ಟಿ ಇರಲಿಲ್ಲ. ದೇವರಿಗೆಂದು ಮಾಡಿದ್ದು ಹೀಗಾಯಿತಲ್ಲ ಎಂದು ನಾನು ಅತ್ತೇಬಿಟ್ಟೆ. ಎದುರುಮನೆಯ ಅಜ್ಜಿ, "ಹಸಿದವರ ಹೊಟ್ಟೆಗೆ ಹೋಗುವ ರೊಟ್ಟಿ ತಾನೇ ಅವು? ಇದೂ ಒಂದು ಹೊಟ್ಟೆ. ಏಳವ್ವಾ, ಹಿಟ್ಟು ನಾದು" ಎಂದರು.

ಆದರೆ ಸಂಜೆಗೆ ಕೆಂಚ ಮೂಲೆ ಹಿಡಿದು ಕುಳಿತ. ಎಡ ಪಕ್ಕೆ ಉಬ್ಬಿತ್ತು, ಹಲ್ಲು ಕಡಿಯುತ್ತಿದ್ದ, ತೊಟ್ಟು ಬಾಯಿಗಿಟ್ಟರೆ ಮುಖ ತಿರುಗಿಸಿದ. ಹಾಲು ಬೇಡವೆಂದದ್ದು ಅದೇ ಮೊದಲು. ಮೆಲುಕು ಹಾಕುವ ಪ್ರಾಣಿ ಒಮ್ಮೆಲೇ ಅಷ್ಟು ಕಾಳಿನ ಪದಾರ್ಥ ತಿಂದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಸಾಯಲೂಬಹುದು. 1962ಕ್ಕೆ ಕರೆ ಮಾಡಿದೆ, ಪಶು ಚಿಕಿತ್ಸೆಯ ವಾಹನದ ಉಚಿತ ಸಂಖ್ಯೆ ಅದು. ಬಂದ ವೈದ್ಯರು ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಾಯಿತು ಎಂದು ಕೇಳಿ, ಪಕ್ಕೆಗೆ ಬೆರಳು ಬಡಿದು ನೋಡಿ, ಹುಳಿ ತಗ್ಗಿಸುವ ಔಷಧ ಕೊಟ್ಟರು. ನಸುಕಿನಲ್ಲಿ ಮೆಲುಕು ಹಾಕುವ ಸಣ್ಣ ಸದ್ದು ಕೇಳಿದಾಗ ನಾನು ಹಾಸಿಗೆಯಲ್ಲೇ ಕೈ ಮುಗಿದೆ. ಆ ವರ್ಷ ತೇರು ನೋಡಿದ ಕೂಡಲೇ ಹೊತ್ತಿನ ಹಾಲಿಗೆಂದು ಮನೆಗೆ ಓಡಿ ಬಂದೆ, ಜಾತ್ರೆಯ ಅಂಗಡಿಗಳನ್ನು ಸುತ್ತಲಿಲ್ಲ.

ಮತ್ತೆ ತೊಟ್ಟಿನ ಮಾತಿಗೆ ಬರುತ್ತೇನೆ. ಬಾಳಿಕೆ ಹೇಳಬೇಕಲ್ಲ. ಕುರಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗಿನ ಹಲ್ಲು ತೊಟ್ಟನ್ನು ಆ ವಸಡಿಗೆ ಒತ್ತುತ್ತದೆ. ಹೀಗಾಗಿ ರಬ್ಬರ್ ಕೆಳಮಗ್ಗುಲಲ್ಲೇ ಸವೆಯುತ್ತದೆ. ಇದನ್ನು ನಾನು ಇಪ್ಪತ್ತನೆಯ ದಿನಕ್ಕೆ ಗಮನಿಸಿದೆ. ಅಂದಿನಿಂದ ಪ್ರತಿ ಸಲ ಬಾಟಲಿಯನ್ನು ಸ್ವಲ್ಪ ತಿರುಗಿಸಿ ಹಿಡಿದೆ; ಆ ತೊಟ್ಟು ಎರಡು ತಿಂಗಳು ಬಂತು. ಮುಂದಿನದನ್ನು ನೂರೈವತ್ತು ರೂಪಾಯಿ ಕೊಟ್ಟು ಮೊಬೈಲಿನಲ್ಲಿ ತರಿಸಿದೆ. ನೋಡಲು ಅದೇ ಕೆಂಪು, ಅದೇ ಹಳದಿ. ಮುಟ್ಟಿದರೆ ಗಟ್ಟಿ, ವಾಸನೆ ಘಾಟು. ಕೆಂಚ ಒಂದೇ ಸಲ ಬಾಯಿಗೆ ಹಾಕಿ ಉಗುಳಿದ. ಅದಕ್ಕೇ ಹೇಳುವುದು, ಇದನ್ನು ಕೈಯಿಂದ ಹಿಚುಕಿ ನೋಡದೆ ಕೊಳ್ಳಬೇಡಿ. ನಮ್ಮ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು.

ತೊಳೆಯುವುದರಲ್ಲಿ ಆಲಸ್ಯ ಬೇಡ. ಮುಚ್ಚಳ ಮತ್ತು ರಬ್ಬರ್ ಕೂಡುವ ಸಂದಿನಲ್ಲಿ ಹಾಲಿನ ಕೆನೆ ಸಿಕ್ಕಿ ಒಂದೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ತೊಟ್ಟನ್ನು ಬಿಡಿಸಿ, ಒಳಮಗ್ಗುಲು ಹೊರಗೆ ಮಾಡಿ, ಬಿಸಿನೀರಿನಲ್ಲಿ ಉಜ್ಜಬೇಕು. ಒಣಗಿಸುವುದು ನೆರಳಿನಲ್ಲಿ. ನಮ್ಮ ಊರಿನ ಬಿಸಿಲಿಗೆ ರಬ್ಬರ್ ಬಿರುಕು ಬಿಡಲು ಹೆಚ್ಚು ದಿನ ಬೇಕಿಲ್ಲ. ಸೀಳಿದ ತೊಟ್ಟನ್ನು ಇನ್ನೆರಡು ದಿನ ನಡೆಯಲಿ ಎಂದು ಇಟ್ಟುಕೊಂಡರೆ ಮರಿ ತುಂಡು ನುಂಗಿಬಿಡಬಹುದು.

ಎರಡನೆಯ ವಾರದಿಂದಲೇ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು, ಆಮೇಲೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ರುಚಿ ತೋರಿಸಿದ್ದೆ. ಮೂರು ತಿಂಗಳು ತುಂಬಿದ ಮೇಲೆ ಹಾಲು ಬಿಡಿಸಲು ತೊಡಗಿದೆ. ಹೊತ್ತು ಕಡಿಮೆ ಮಾಡಿದೆ, ಹಾಲಿಗೆ ನೀರು ಬೆರೆಸುತ್ತಾ ಬಂದೆ. ಫೆಬ್ರವರಿಯ ಕೊನೆಗೆ ಬರಿ ನೀರು. ಅವನಿಗೆ ಹಾಲು ಬೇಕಿರಲಿಲ್ಲ, ತೊಟ್ಟು ಬೇಕಿತ್ತು. ಬಾಟಲಿ ಇಡುವ ಗೂಡಿನ ಕೆಳಗೆ ನಿಂತು ಮೇಲೆ ನೋಡುತ್ತಾ ಕರೆಯುತ್ತಿದ್ದ. ಕಡೆಗೆ ಗೂಡಿನ ಪರದೆಯನ್ನೇ ಜಗ್ಗಿ ಬಾಟಲಿ ಬೀಳಿಸಿ, ನೆಲದ ಮೇಲೆ ಅದನ್ನು ಮೂಗಿನಿಂದ ಉರುಳಿಸುತ್ತಾ ಹೋದ. ನಾನು ಬಾಟಲಿಯನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ. ಎರಡು ದಿನ ನನಗೆ ಊಟ ಸೇರಲಿಲ್ಲ.

ಇಷ್ಟೆಲ್ಲ ಒಳ್ಳೆಯದು ಹೇಳಿದ ಮೇಲೆ ಈ ತೊಟ್ಟು ಕೊಳ್ಳುವವರು ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕೈಯಿಂದ ಹಾಲು ಕುಡಿದ ಗಂಡು ಮರಿಗೆ ಮನುಷ್ಯರ ಹೆದರಿಕೆ ಇರುವುದಿಲ್ಲ. ಮಂದೆಯ ಟಗರು ಮನುಷ್ಯನನ್ನು ಕಂಡರೆ ಸರಿಯುತ್ತದೆ. ಇದು ನಮ್ಮನ್ನು ತನ್ನವರೆಂದೇ ತಿಳಿದು, ಬೆಳೆದಂತೆ ಬಲಾಬಲ ನೋಡಲು ಬರುತ್ತದೆ. ಐದು ಕಿಲೋ ಇದ್ದಾಗ ಮೊಣಕಾಲಿಗೆ ಮುದ್ದಾಗಿ ತಾಗಿದ ಅದೇ ಹಣೆ, ನಲವತ್ತು ಕಿಲೋ ಆದಾಗ ಮಗುವಿನ ಪಕ್ಕೆಲುಬು ಮುರಿಯಬಲ್ಲದು. ಓಣಿಯ ಹುಡುಗರು ಕೆಂಚನ ಹಣೆಗೆ ಅಂಗೈ ಒತ್ತಿ ಟಗರು ಕಾಳಗದ ಆಟ ಆಡುತ್ತಿದ್ದರು. ಅವನು ಹಿಂದೆ ಸರಿದು ಓಡಿ ಬಂದು ಗುಮ್ಮಿದರೆ ಚಪ್ಪಾಳೆ. ನಾನೂ ಕೆಲವು ದಿನ ನೋಡಿ ನಕ್ಕಿದ್ದೆ. ಪಶುವೈದ್ಯರು ಅದನ್ನು ಕಂಡು ಗದರಿದರು: "ಹಣೆಗೆ ಕೈ ಹಚ್ಚಬೇಡಿ. ಮುದ್ದು ಮಾಡುವುದಾದರೆ ಗಲ್ಲದ ಕೆಳಗೆ, ಕತ್ತಿನ ಪಕ್ಕ." ನಾಲ್ಕನೆಯ ತಿಂಗಳಲ್ಲಿ ಇಕ್ಕಳದಿಂದ ಬೀಜ ಒಡೆಸಿದೆವು. ಗಾಯವಿಲ್ಲ, ರಕ್ತವಿಲ್ಲ, ಒಂದು ದಿನ ಕಾಲು ಅಗಲಿಸಿ ನಡೆದ. ಅದು ಅವನಿಗೆ ಮಾಡಿದ ಅನ್ಯಾಯ ಎನ್ನುವವರಿದ್ದಾರೆ. ಹಾಗೆ ಬಿಟ್ಟು, ಒಂದು ದಿನ ಯಾರನ್ನೋ ಗುಮ್ಮಿದ ಮೇಲೆ ಕಟುಕನಿಗೆ ಕೊಡುವುದು ದೊಡ್ಡ ಅನ್ಯಾಯ ಎಂದು ನಾನು ನಂಬಿದ್ದೇನೆ.

ಅದೇ ತಿಂಗಳು ಒಂದು ಹೆಣ್ಣು ಮರಿಯನ್ನೂ ತಂದೆವು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದುದಕ್ಕೆ ಚಿಕ್ಕಿ ಎಂದು ಹೆಸರು. ಮೊದಲ ವಾರ ಕೆಂಚ ಅವಳತ್ತ ತಿರುಗಿಯೂ ನೋಡಲಿಲ್ಲ. ಎಂಟನೆಯ ದಿನ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ್ದರು. ಈ ಕೆಲಸವನ್ನು ಮೊದಲ ತಿಂಗಳಲ್ಲೇ ಮಾಡಬೇಕಿತ್ತು. ತೊಟ್ಟು ಹೊಟ್ಟೆ ತುಂಬಿಸುತ್ತದೆ, ಕುರಿಯಾಗಿ ಬದುಕುವುದನ್ನು ಇನ್ನೊಂದು ಕುರಿಯೇ ಕಲಿಸಬೇಕು.

ಮುಂಗಾರಿನ ಮೊದಲು ಆ ಕುರಿಗಾಹಿ ಹಿರಿಯರ ಮಂದೆ ಭಾಗ್ಯನಗರದ ಆಚೆಯ ಹೊಲಗಳಿಗೆ ಬಂದಿದೆ ಎಂದು ಅಣ್ಣ ಫೋನು ಮಾಡಿ ತಿಳಿಸಿದ. ಇಬ್ಬರಿಗೂ ಹಗ್ಗ ಹಾಕಿಕೊಂಡು ನಡೆದುಕೊಂಡೇ ಹೋದೆ. ಇನ್ನೂರು ಕುರಿಗಳನ್ನು ಒಟ್ಟಿಗೆ ಕಂಡ ಕೆಂಚ ನನ್ನ ಸೀರೆಯ ಹಿಂದೆ ಅವಿತುಕೊಂಡ. ಚಿಕ್ಕಿ ಹಗ್ಗ ಜಗ್ಗಿ ಮಂದೆಯೊಳಗೆ ನುಗ್ಗಿದಳು. ಸ್ವಲ್ಪ ಹೊತ್ತು ಒಂದೊಂದೇ ಹೆಜ್ಜೆ ಇಟ್ಟು, ನಿಂತು, ನನ್ನ ಕಡೆ ತಿರುಗಿ ನೋಡಿ, ಕಡೆಗೆ ಅವನೂ ಹೋದ. ಹಿರಿಯರು ಅವನ ಬೆನ್ನು ಮುಟ್ಟಿ ನೋಡಿ, "ಒಳ್ಳೆಯ ಮೈ ಬಂದಿದೆ, ತಂಗಿ" ಎಂದಷ್ಟೇ ಹೇಳಿದರು. ಅವರ ಕಂಬಳಿಯಲ್ಲಿ ಅಂದೂ ಒಂದು ತಬ್ಬಲಿ ಮರಿ ಇತ್ತು.

ಜವಾಹರ ರಸ್ತೆಯ ಅಂಗಡಿಯಿಂದಲೇ ತಂದ ಒಂದು ಹೊಸ ತೊಟ್ಟು ನನ್ನ ಚೀಲದಲ್ಲಿತ್ತು. ಕೊಟ್ಟೆ. ರಂಧ್ರ ಮಾಡಲು ಸೂಜಿ ಕಾಯಿಸಬೇಕು ಎಂದು ಹೇಳಲು ಹೊರಟೆ. ಅವರು ಅಷ್ಟರಲ್ಲೇ ಬದುವಿನ ಬಳ್ಳಾರಿ ಜಾಲಿಯಿಂದ ಒಂದು ಮುಳ್ಳು ಮುರಿದು, ತೊಟ್ಟಿನ ತುದಿಗೆ ಚುಚ್ಚಿ ತೆಗೆದರು. ಬಾಟಲಿ ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಮರಿಯ ಬಾಯಿಗಿಟ್ಟರು. ಅದು ಚೀಪಿದಾಗ ಮಾತ್ರ ಹಾಲು ಇಳಿಯಿತು, ಬಾಲ ಅಲ್ಲಾಡಿತು.